ಮೂರು ಸಲ ‘ಬೇಡ’

ಮೂವತ್ತೇಳು ತುಂಡು ಕತ್ತರಿಸಿ ಹಂಚಿ ಮುಗಿಸಿದ ದೋನ್ ನಿಕನೋರ್, ಕೊನೆಗೆ ಉಳಿದ ಒಂದು ಕಪ್ಪು ರಿಬ್ಬನ್ನನ್ನು ಗ್ರಿಸೆಲ್ದಾಳ ಮುಂದೆ ಹಿಡಿದರು. ಅವಳು ಕೈ ನೀಡಲಿಲ್ಲ.

“ತಗೋ ತಾಯಿ. ಇದು ನಿನ್ನ ಅಂಗಡಿ ಪಾಲಿಂದು.”

“ನಂಗೆ ಬೇಡ, ದೋನ್ ನಿಕನೋರ್. ನಾನಿವತ್ತು ಶಟರ್ ಎಳೆಯಲ್ಲ.”

ಹಜಾರದಲ್ಲಿ ಪಿಸುಗುಡುತ್ತಿದ್ದವರೆಲ್ಲ ಅವಳತ್ತ ತಿರುಗಿದರು. ಹೂವಿನ ರಾಶಿಯ ನಡುವೆ, ತಾವೇ ಹೊಲಿದಿಟ್ಟುಕೊಂಡಿದ್ದ ಬೂದು ಬಣ್ಣದ ಉಡುಪಿನಲ್ಲಿ ದೋನ್ಯಾ ಕೂಕಾ ಮಲಗಿದ್ದರು. ಶವಪೆಟ್ಟಿಗೆಯ ಮೇಲೆ ರೆಫೂಹಿಯೋ ಸೆಂದೇಹಾಸ್ ಎಂದು ಬರೆದಿತ್ತು. ಆ ಹೆಸರು ಹಿಡಿದು ಕೂಗಿದ್ದರೆ ವಲಸೆ ಬಂದ ನಮ್ಮವರೇ ತುಂಬಿದ ಲಾರಮೋರ್ ರಸ್ತೆಯಲ್ಲಿ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ, ಸ್ವತಃ ಅವರೂ ಅಷ್ಟೇ. ಹಿರಿಯ ಗಂಡಸರಿಗೆ ದೋನ್, ಹೆಂಗಸರಿಗೆ ದೋನ್ಯಾ ಎನ್ನುವುದು ನಮ್ಮಲ್ಲಿ ವಾಡಿಕೆ; ಇವರು ಎಲ್ಲರಿಗೂ ದೋನ್ಯಾ ಕೂಕಾ. ವೃತ್ತಿಯಲ್ಲಿ ದರ್ಜಿ, ಮೂವತ್ತೊಂದು ವರ್ಷ ಆ ರಸ್ತೆಯ ವರ್ತಕರ ಸಂಘದ ಕಾರ್ಯದರ್ಶಿ. ಈ ರಿಬ್ಬನ್ ಕೂಡ ಅವರ ಅಂಗಡಿಯದೇ.

ಸಂಘದವರು ಯಾರಾದರೂ ಸತ್ತರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಶವದ ಗಾಡಿ ಇಗರ್ಜಿಗೆ ಹೋಗುವ ಮೊದಲು ನಮ್ಮ ರಸ್ತೆಯುದ್ದಕ್ಕೂ ನಿಧಾನವಾಗಿ ಹಾದು ಹೋಗುತ್ತದೆ. ಯಾವ ಅಂಗಡಿಯ ಮುಂದೆ ಬರುತ್ತದೋ ಆ ಅಂಗಡಿಯವರು ಕೈಯಾರೆ ಶಟರ್ ಎಳೆದು, ಹೊರಗಿನಿಂದ ಚಿಲಕ ಹಾಕಿ, ಚಿಲಕಕ್ಕೆ ಕಪ್ಪು ರಿಬ್ಬನ್ ಕಟ್ಟಬೇಕು. ಮಾರನೆಯ ಬೆಳಗಿನವರೆಗೆ ಬಿಚ್ಚುವ ಹಾಗಿಲ್ಲ. ಒಮ್ಮೆ ಹಾಸಿಗೆ ಅಂಗಡಿಯ ಒಬ್ಬ ಶಟರ್ ಎಳೆಯದೆ ಗಿರಾಕಿಯ ಜೊತೆ ಚೌಕಾಸಿ ಮಾಡುತ್ತ ನಿಂತಿದ್ದ. ಯಾರೂ ಅವನನ್ನು ಬೈಯಲಿಲ್ಲ. ಅವನ ಜೊತೆ ಮಾತೇ ಆಡಲಿಲ್ಲ, ಅಷ್ಟೆ. ಎಂಟು ತಿಂಗಳಿಗೆ ಗಂಟುಮೂಟೆ ಕಟ್ಟಿದ.

“ಆ ಕಾಗದ ಮರೆತ್ರಾ ಎಲ್ರೂ?” ಎಂದಳು ಗ್ರಿಸೆಲ್ದಾ.

ಆ ಕಾಗದವನ್ನು ಮರೆಯುವುದು ಹೇಗೆ? ಎರಡು ವಾರದಿಂದ ಎಲ್ಲರ ನಿದ್ದೆ ಕೆಡಿಸಿದ್ದು ಅದೇ. ನಗರದ ಕಚೇರಿಯಿಂದ ಸಂಘದ ವಿಳಾಸಕ್ಕೆ ಬಂದಿತ್ತು. ಈ ವಾರ, ಮಂಗಳವಾರದಿಂದ ಗುರುವಾರದೊಳಗೆ ಯಾವುದೋ ಒಂದು ದಿನ, ಒಬ್ಬ ಅಧಿಕಾರಿ ಬಂದು ರಸ್ತೆ ನೋಡುತ್ತಾನೆ. ಅಂಗಡಿ ತೆರೆದಿದ್ದರೆ ಒಳಗೆ ಬಂದು ಮಾಲೀಕರ ಮಾತು ಕೇಳಿ ಸಹಿ ಪಡೆಯುತ್ತಾನೆ. ಮುಚ್ಚಿದ್ದರೆ ಫೋಟೋ ಹೊಡೆದು ‘ಖಾಲಿ’ ಎಂದು ಬರೆದುಕೊಳ್ಳುತ್ತಾನೆ. ಅರ್ಧಕ್ಕಿಂತ ಹೆಚ್ಚು ಖಾಲಿ ಎಂದಾದರೆ ಇಡೀ ರಸ್ತೆ ಕೆಡವುವವರ ಪಟ್ಟಿಗೆ ಸೇರುತ್ತದೆ. ಇನ್ನೊಂದು ಸಲ ಬಂದು ನೋಡುವ ಮಾತಿಲ್ಲ. ಪಕ್ಕದ ವುಡ್‌ಬೈನ್ ರಸ್ತೆ ಹೋಗಿದ್ದೂ ಹೀಗೆಯೇ. ಅಲ್ಲೀಗ ಗಾಜಿನ ಕಟ್ಟಡ ಎದ್ದಿದೆ, ಕೆಳಗೆ ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿ.

“ಅಯ್ಯೋ, ಸರ್ವೆಯವನು ನಿನ್ನೇನೇ ಬಂದು ಹೋದನಲ್ಲ!” ದೋನ್ ನಿಕನೋರ್ ಎದೆ ಮುಟ್ಟಿಕೊಂಡರು. ಮೂಲೆಯ ಬೇಕರಿ ಅವರದು, ಸಂಘದ ಅಧ್ಯಕ್ಷರೂ ಅವರೇ. “ಪುಸ್ತಕ ಹಿಡ್ಕೊಂಡು ಮೇಲೆ ಕೆಳಗೆ ನೋಡ್ತಾ ಬಂದ. ನಾನೇ ಕರೆದು ಕಾಫಿ ಕೊಟ್ಟೆ, ಬಿಸಿ ಬ್ರೆಡ್ಡು ಕೊಟ್ಟೆ. ಎಲ್ಲಾ ಚೆನ್ನಾಗಿದೆ ಅಂದ.”

“ಅವನು ಗ್ಯಾಸಿನವನು!” ಎಂದಳು ಗ್ರಿಸೆಲ್ದಾ. “ಹಿತ್ತಲಿಗೆ ಹೋಗಿ ಮೀಟರ್ ನೋಡ್ದ, ಹೋದ. ನನ್ನ ಹತ್ರ ಒಂದು ಸಹಿ ತಗೊಳ್ಳಲಿಲ್ಲ.”

“ಸರ್ಕಾರದವನೇ ಇರ್ಬೇಕು ಬಿಡು,” ಎಂದ ಚಪ್ಪಲಿ ರಿಪೇರಿಯ ಫಿದೆನ್ಸಿಯೋ. ಅವನ ಅಂಗಡಿ ಗ್ರಿಸೆಲ್ದಾಳ ಅಂಗಡಿಗೆ ಅಂಟಿಕೊಂಡೇ ಇತ್ತು. “ನಿಕನೋರ್ ಬ್ರೆಡ್ಡು ತಿಂದೂ ನಡ್ಕೊಂಡು ಹೋದ ಅಂದ್ರೆ ಸಾಮಾನ್ಯದವನಲ್ಲ.”

“ನೀನು ಸುಮ್ನಿರೋ. ನನ್ನ ಬೂಟು ಪಾಲಿಶ್ ಮಾಡೋಕೂ ಬರಲ್ಲ ನಿಂಗೆ.”

“ಮೂರು ಸಲ ಉಜ್ಜಿದೀನಿ ಸ್ವಾಮಿ. ಹೊಲಿಗೆ ಸಂದೀಲಿ ನಲವತ್ತು ವರ್ಷದ ಮೈದಾ ಕೂತಿದೆ. ಅದನ್ನ ತೆಗೀಬೇಕಾದ್ರೆ ಬೂಟನ್ನೇ ಬಿಚ್ಚಬೇಕು.”

ಎಲ್ಲರೂ ನಿಕನೋರರ ಬೂಟು ನೋಡಿದರು. ಕನ್ನಡಿಯಂತೆ ಹೊಳೆಯುತ್ತಿತ್ತು, ಹೊಲಿಗೆಯ ಗೆರೆ ಮಾತ್ರ ಬೆಳ್ಳಗಿತ್ತು. ಸಾವಿನ ಮನೆಯಲ್ಲಿ ನಗಬಾರದೆಂದು ಒಂದಿಬ್ಬರು ಕೆಮ್ಮಿದರು. ಗ್ರಿಸೆಲ್ದಾ ನಗಲಿಲ್ಲ.

“ಇದು ನನ್ನ ಮಾತಲ್ಲ. ದೋನ್ಯಾ ಕೂಕಾನೇ ಆಸ್ಪತ್ರೇಲಿ ಹೇಳಿದ್ರು. ನಂಗೆ ಶಟರ್ ಎಳೀಬೇಡಿ ಅಂತ.”

“ಎಷ್ಟು ಸಲ ಹೇಳಿದ್ರು?” ನಿಕನೋರ್ ಕೇಳಿದರು.

“ಮೂರು ಸಲ.”

ದೋನ್ ನಿಕನೋರ್ ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು. “ಕೇಳಿದ್ರಾ? ಸಾಯೋವಾಗಲೂ ನಮ್ಮ ಕೂಕಾ ಕೂಕಾನೇ!”

ಈಗ ಎಲ್ಲರೂ ನಕ್ಕರು, ಅತ್ತರು. ಏಕೆಂದರೆ ಅದು ರಸ್ತೆಗೆಲ್ಲ ಗೊತ್ತಿದ್ದ ಸಂಗತಿ. ಕಾಫಿ ಕೊಟ್ಟರೆ ದೋನ್ಯಾ ಕೂಕಾ “ಬೇಡಪ್ಪ, ಬೇಡ, ಬೇಡ” ಎನ್ನುತ್ತಿದ್ದರು, ಆಮೇಲೆ ಎರಡು ಲೋಟ ಕುಡಿಯುತ್ತಿದ್ದರು. ಕುರ್ಚಿ ಹಾಕಿದರೂ ಮೂರು ಸಲ ಬೇಡ, ಹುಟ್ಟುಹಬ್ಬದ ಕೇಕಿಗೂ ಮೂರು ಸಲ ಬೇಡ. ಅವರ ಊರಿನ ಕಡೆ ಮೊದಲ ಸಲಕ್ಕೇ ಒಪ್ಪಿಕೊಂಡರೆ ಹಸಿದುಕೊಂಡು ಬಂದವರು ಅಂದುಕೊಳ್ಳುತ್ತಾರಂತೆ. ಕೂಕಾ ಹತ್ತಿರ ಮೂರು ಸಲ ‘ಬೇಡ’ ಅನ್ನಿಸಿಕೊಂಡ ಮೇಲೇ ಬಡಿಸಬೇಕು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದೆವು.

“ಅವಳು ಊಟ ಬೇಡ ಅಂದಾಗ ಯಾವತ್ತಾದ್ರೂ ಉಪವಾಸ ಕಳಿಸಿದ್ದೀವಾ?” ನಿಕನೋರ್ ರಿಬ್ಬನ್ನನ್ನು ಮಡಚಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. “ನಿಂದು ನನ್ನ ಹತ್ರ ಇರ್ತದೆ ಮಗಳೇ. ನೀನು ದುಃಖದಲ್ಲಿದ್ದೀಯ. ಹೊತ್ತಿಗೆ ಸರಿಯಾಗಿ ನಿಂಗೇ ಮನಸ್ಸು ಬರ್ತದೆ.”

*

ಹದಿನಾಲ್ಕು ವರ್ಷದ ಹಿಂದೆ ಗ್ರಿಸೆಲ್ದಾಗೆ ಅಂಗಡಿ ಇರಲಿಲ್ಲ. ಇಗರ್ಜಿಯ ಮೆಟ್ಟಿಲ ಪಕ್ಕ ತಳ್ಳುಗಾಡಿ ನಿಲ್ಲಿಸಿಕೊಂಡು ತಮಾಲೆ ಮಾರುತ್ತಿದ್ದಳು. ಜೋಳದ ಹಿಟ್ಟಿನೊಳಗೆ ಮಾಂಸವಿಟ್ಟು, ತೆನೆಯ ಸಿಪ್ಪೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿದ್ದು. ಪೂಜೆ ಮುಗಿಯುವ ಹೊತ್ತಿಗೆ ಪಾತ್ರೆ ಬರಿದಾಗುತ್ತಿತ್ತು. ಒಂದು ಭಾನುವಾರ ತಪಾಸಣೆಯವರು ಬಂದರು. ಪರವಾನಗಿ ಎಲ್ಲಿ ಎಂದರು. ತುಂಬಿದ ಪಾತ್ರೆಗೆ ಕ್ಲೋರಿನ್ ನೀರು ಸುರಿದು, ಕೈಗೊಂದು ಚೀಟಿ ಕೊಟ್ಟು ಹೋದರು. ಅವಳು ಚೀಟಿಯನ್ನು ಚೂರು ಚೂರು ಮಾಡಿ ಎಸೆದು, ಕಾಲುದಾರಿಯ ಮೇಲೆ ಕೂತು ಗೋಳೋ ಎಂದು ಅತ್ತಳು.

ಪೂಜೆ ಮುಗಿಸಿ ಬಂದ ಒಬ್ಬ ಕುಳ್ಳ ಹೆಂಗಸು ಅವಳ ಮುಂದೆ ನಿಂತಳು. ಕೊರಳಲ್ಲಿ ಅಳತೆಯ ಟೇಪು.

“ಚೀಟಿ ಎಲ್ಲಿ?”

“ಹರಿದು ಹಾಕ್ದೆ.”

“ಒಳ್ಳೇ ಕೆಲ್ಸ ಮಾಡ್ದೆ. ಈಗ ಹುಡುಕು. ಎಲ್ಲಾ ಚೂರೂ ಬೇಕು ನಂಗೆ.”

ಇಬ್ಬರೂ ಮೊಣಕಾಲೂರಿ ಹುಡುಕಿದರು. ದೋನ್ಯಾ ಕೂಕಾ ಆ ಚೂರುಗಳನ್ನು ಅಂಗಡಿಗೆ ಒಯ್ದು, ಒಂದು ಬಿಳಿ ಬಟ್ಟೆಯ ಮೇಲೆ ಜೋಡಿಸಿ, ಗುಂಡುಪಿನ್ನು ಚುಚ್ಚಿ, ಕನ್ನಡಕ ಏರಿಸಿಕೊಂಡು ಓದಿದರು. “ನಿನ್ನ ಮೇಲೆ ಕೋಪ ಮಾಡ್ಕೊಂಡು ಬರೆದದ್ದಲ್ಲ ಇದು. ಏನೇನು ಬೇಕು ಅಂತ ಪಟ್ಟಿ ಕೊಟ್ಟಿದ್ದಾರೆ. ನಾವು ಒಂದೊಂದಾಗಿ ತಂದು ಅವರ ಮೂತಿಗೆ ಹಿಡಿಯೋಣ.”

ಹಾಗೆಯೇ ಆಯಿತು. ಮಂಗಳವಾರ ಸಂಜೆ ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಘದ ಪಾಠ ನಡೆಯುತ್ತಿತ್ತು. ಮೇಲೆ, ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ಪಡೆಯುವ ಹುಡುಗಿಯರ ಬಿಳಿ ಲಂಗಗಳು ತೂಗಾಡುತ್ತಿದ್ದವು. ಕೆಳಗೆ ಕ್ಷೌರದವರು, ಹೂವಿನವರು, ಟೈರಿನವರು ಕೂತು ಅರ್ಜಿ ತುಂಬುವುದನ್ನು ಕಲಿಯುತ್ತಿದ್ದರು. ಓದದೆ ಸಹಿ ಹಾಕಿದವರ ಬೆರಳಿಗೆ ದೋನ್ಯಾ ಕೂಕಾ ಅಳತೆಪಟ್ಟಿಯಿಂದ ಬಾರಿಸುತ್ತಿದ್ದರು, ವಯಸ್ಸು ನೋಡದೆ. ಪರವಾನಗಿಗೆ ತಕ್ಕ ಅಡುಗೆಮನೆ ಗ್ರಿಸೆಲ್ದಾಗೆ ಇರಲಿಲ್ಲ. ಮಧ್ಯಾಹ್ನದ ಮೇಲೆ ಬೇಕರಿಯ ಒಲೆ ಬಿಟ್ಟುಕೊಡುವಂತೆ ಸಂಘ ನಿಕನೋರರನ್ನು ಒಪ್ಪಿಸಿತು. ಕಚೇರಿಗೆ ಏಳು ಸಲ ಹೋದರು. ಏಳು ಸಲವೂ ದೋನ್ಯಾ ಕೂಕಾ ಹೊಲಿಗೆ ಬದಿಗಿಟ್ಟು ಜೊತೆಗೆ ಬಂದರು. ಗುಮಾಸ್ತ ಕುರ್ಚಿ ತೋರಿಸಿದರೆ ಬೇಡ, ಬೇಡ, ಬೇಡ. ಅವನಿಗೆ ಪದ್ಧತಿ ಗೊತ್ತಿರಲಿಲ್ಲ, ಆದ್ದರಿಂದ ನಿಂತೇ ಇದ್ದರು. ಪಾಪ, ಅವರ ಕಾಲು ಸಂಜೆಗೆ ಊದಿಕೊಳ್ಳುತ್ತಿತ್ತು.

ಆ ವರ್ಷವೇ ಪರವಾನಗಿ ಸಿಕ್ಕಿತು, ಚಪ್ಪಲಿ ರಿಪೇರಿಯ ಪಕ್ಕದ ಅಂಗಡಿ ಬಾಡಿಗೆಗೆ ದೊರೆಯಿತು. ಅಂಗಡಿ ತೆರೆದ ದಿನ ಸಂಘದ ಉಡುಗೊರೆಯಾಗಿ ಒಂದು ಹಲಗೆ ಬಂತು. ಎರಡು ಭಾಷೆಯಲ್ಲಿ, ದೋನ್ಯಾ ಕೂಕಾರ ದುಂಡು ಅಕ್ಷರದಲ್ಲಿ, ‘ತೆರೆದಿದೆ’ ಎಂದು ಕೆಂಪು ಬಣ್ಣದಲ್ಲಿ ಬರೆದದ್ದು. ನಮ್ಮ ರಸ್ತೆಯ ಪ್ರತಿ ಬಾಗಿಲಲ್ಲೂ ಅಂಥದೊಂದು ತೂಗುತ್ತದೆ.

“ಹಿಂದೆ ‘ಮುಚ್ಚಿದೆ’ ಅಂತ ಬರೆದಿಲ್ವಲ್ಲ ದೋನ್ಯಾ?” ಎಂದು ಗ್ರಿಸೆಲ್ದಾ ತಿರುಗಿಸಿ ನೋಡಿದಳು.

“ಅದನ್ನ ಬರೆದುಕೊಡೋಕೆ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ,” ಎಂದಿದ್ದರು ಅವರು. ಹೋಗುವಾಗ ಶಟರಿನ ಬುಡ ನೋಡಿ ಗೊಣಗಿದ್ದರು. ಯಾವುದೋ ವ್ಯಾನು ಹಿಂದೆ ಬಂದು ಗುದ್ದಿ ಅದು ಸೊಟ್ಟಗಾಗಿತ್ತು. ಪೂರ್ತಿ ಇಳಿಸಿದರೂ ನೆಲಕ್ಕೂ ಅದಕ್ಕೂ ನಡುವೆ ನಾಲ್ಕು ಬೆರಳು ಸಂದು ಉಳಿಯುತ್ತಿತ್ತು. ಮೊದಲು ಅದನ್ನ ಸರಿ ಮಾಡಿಸು, ಗಾಳಿ ನುಗ್ತದೆ ಎಂದು ಹದಿನಾಲ್ಕು ವರ್ಷವೂ ಹೇಳುತ್ತಲೇ ಇದ್ದರು.

*

ಕಳೆದ ಭಾನುವಾರ ಆಸ್ಪತ್ರೆಯಲ್ಲಿ, ಲಕ್ವ ಹೊಡೆದ ದೋನ್ಯಾ ಕೂಕಾರ ಬಲಗೈ ಸತ್ತಂತೆ ಬಿದ್ದಿತ್ತು. ಬರೆಯುವ ಕೈ. ಮಾತು ಮಾತ್ರ ಸ್ವಲ್ಪ ತೊದಲುತ್ತ ಬರುತ್ತಿತ್ತು.

“ಎಸೆಕಿಯೆಲ್ ಹೋದಾಗ,” ಎಂದರು. ಎಸೆಕಿಯೆಲ್ ಅವರ ಗಂಡ. “ನಾವು ಬಂದು ಎರಡು ವರ್ಷ ಆಗಿತ್ತು. ನಂಗೆ ಇಲ್ಲಿ ಯಾರೂ ಇಲ್ಲ, ಮಣ್ಣು ಮಾಡಿ ಊರಿಗೆ ಹೋಗೋದೇ ಅಂದ್ಕೊಂಡಿದ್ದೆ. ಗಾಡಿ ಹೋಗ್ತಾ ಇದ್ರೆ ಒಬ್ಬ ಶಟರ್ ಎಳೆದ. ಆಮೇಲೆ ಇನ್ನೊಬ್ಬ. ಒಂಬತ್ತು ಅಂಗಡಿ. ಯಾರೂ ಹೇಳಿರಲಿಲ್ಲ ಅವರಿಗೆ. ಆ ಸದ್ದು ಕೇಳಿ ನಾನು ಇಲ್ಲೇ ಉಳಿದೆ ಮಗಳೇ.”

“ನಿಮಗೆ ಮೂವತ್ತೆಂಟು ಎಳೀತಾರೆ. ಆದ್ರೆ ಇನ್ನೂ ಇಪ್ಪತ್ತು ವರ್ಷ ಆದ್ಮೇಲೆ.”

“ಬೇಡ.” ಎಡಗೈಯಿಂದ ಅವಳ ಮಣಿಕಟ್ಟು ಹಿಡಿದರು. “ಕೇಳಿಲ್ಲಿ. ನಾನು ಇವತ್ತೋ ನಾಳೆಯೋ. ಹೂಳೋದು ಈ ವಾರವೇ ಬರ್ತದೆ, ಅವನು ಬರೋದೂ ಈ ವಾರವೇ. ನಂಗೆ ಶಟರ್ ಬೇಡ. ಬೇಡ.”

ಗ್ರಿಸೆಲ್ದಾಗೆ ನಗು ಬಂತು. ಮೂರಾಯಿತು! ಅವಳ ಮುಖ ನೋಡಿ ದೋನ್ಯಾ ಕೂಕಾ ಕಣ್ಣು ಮುಚ್ಚಿಕೊಂಡರು.

“ನೋಡ್ದಾ. ನೀನೂ ನಗ್ತೀಯ. ನಿಕನೋರ್ ಅಂತೂ ನಂಬೋದೇ ಇಲ್ಲ. ನನ್ನ ಬಾಯಿಗೆ ನಾನೇ ಈ ರೋಗ ಅಂಟಿಸ್ಕೊಂಡೆ.” ಅವಳ ಮಣಿಕಟ್ಟನ್ನು ಇನ್ನಷ್ಟು ಬಿಗಿ ಹಿಡಿದರು. “ಅವರು ಎಳೆದ್ರೂ ಎಳೀಲಿ. ನೀನೊಬ್ಬಳು ತೆರೆದಿಟ್ಟಿರು. ಒಂದು ಬಾಗಿಲು ಸಾಕು. ತೆರೆದ ಬಾಗಿಲು ಕಂಡ್ರೆ ಅವನು ಒಳಗೆ ಬರಲೇಬೇಕು, ಮಾಲೀಕರು ಹೇಳಿದ್ದನ್ನ ಬರ್ಕೊಳ್ಳಲೇಬೇಕು. ನಾಲ್ಕನೇ ಪ್ಯಾರಾದಲ್ಲಿ ಇದೆ, ಗೆರೆ ಹಾಕಿಟ್ಟಿದ್ದೀನಿ. ಅದನ್ನ ಮುಖಕ್ಕೆ ಹಿಡಿ. ಇವತ್ತು ನಮ್ಮಲ್ಲಿ ಸಾವಾಗಿದೆ, ಇವರೆಲ್ಲ ಬದುಕಿದ್ದಾರೆ ಅಂತ ಹೇಳು. ಹೇಳ್ತೀಯ ತಾನೇ?”

“ಹೇಳ್ತೀನಿ.”

“ಓದದೆ ಸಹಿ ಹಾಕ್ಬೇಡ ಮತ್ತೆ.”

ಅದೇ ಕೊನೆಯ ಮಾತು. ಸಂಜೆ ಆರರೊಳಗೆ ಹೋಗಿಬಿಟ್ಟರು.

*

ರಿಬ್ಬನ್ ಹಂಚಿದ ದಿನ ಮಧ್ಯಾಹ್ನದ ಹೊತ್ತಿಗೆ ಸರೋವರದ ಕಡೆಯಿಂದ ಕೊರೆಯುವ ಗಾಳಿ ಎದ್ದಿತು. ಗ್ರಿಸೆಲ್ದಾ ಅಂಗಡಿಯ ದೀಪಗಳನ್ನೆಲ್ಲ ಹಾಕಿದ್ದಳು, ಹಗಲಲ್ಲೂ. ದೊಡ್ಡ ಪಾತ್ರೆಯಲ್ಲಿ ತಮಾಲೆ ಬೇಯುತ್ತಿತ್ತು. ಹಲಗೆ ಬಾಗಿಲಲ್ಲಿ ತೂಗುತ್ತಿತ್ತು. ಅವಳು ಕಪ್ಪು ಉಡುಪಿನ ಮೇಲೆ ಏಪ್ರನ್ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಳು. ಎದುರು ಸಾಲಿನ ಹೂವಿನಂಗಡಿಯ ಹೆಂಗಸು ಅವಳ ಏಪ್ರನ್ ನೋಡಿ ಮುಖ ತಿರುಗಿಸಿದಳು. ಗ್ರಿಸೆಲ್ದಾ ಏಪ್ರನ್ನಿನ ಗಂಟು ಇನ್ನೊಮ್ಮೆ ಬಿಗಿದಳು. ಹಾಸಿಗೆ ಅಂಗಡಿಯವನ ನೆನಪು ಬಂತು.

ರಸ್ತೆಯ ಆ ತುದಿಯಲ್ಲಿ ಬ್ಯಾಂಡು ಶುರುವಾಯಿತು. ಅದರ ಹಿಂದೆಯೇ ಮೊದಲ ಶಟರ್ ಬಿದ್ದ ಸದ್ದು. ಆಮೇಲೆ ಎರಡನೆಯದು. ಎಡಗಡೆ ಒಂದು, ಬಲಗಡೆ ಒಂದು, ಸದ್ದು ಹತ್ತಿರ ಹತ್ತಿರ ಬಂತು. ಬಿದ್ದಲ್ಲೆಲ್ಲ ದೀಪ ಮಾಯವಾಗಿ ಬೂದು ತಗಡು ಉಳಿಯಿತು. ಹೀಗೆ ನೋಡಿದರೆ ತನ್ನ ರಸ್ತೆ ತನಗೇ ಗುರುತು ಸಿಗಲಿಲ್ಲ ಅವಳಿಗೆ. ವುಡ್‌ಬೈನ್ ರಸ್ತೆ ಕೊನೆಯ ದಿನಗಳಲ್ಲಿ ಹೀಗೇ ಕಂಡಿತ್ತು.

“ಗ್ರಿಸೆಲ್ದಾ, ಅಲ್ಲಿ ನೋಡು,” ಎಂದ ಫಿದೆನ್ಸಿಯೋ ಪಕ್ಕದ ಬಾಗಿಲಿಂದ. ಅವನು ಆಗಲೇ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. “ಗಾಡಿ ಹಿಂದೆ, ಎಲ್ಲರಿಗಿಂತ ಕೊನೇಲಿ. ನಗರದವರೂ ಒಬ್ಬನ್ನ ಕಳಿಸಿದ್ದಾರೆ ನಮ್ಮ ಕೂಕಾಗೆ! ಮರ್ಯಾದಸ್ಥ ಕಣೇ. ಪ್ರತಿ ಅಂಗಡಿ ಮುಂದೂ ನಿಂತು ತಲೆ ಬಗ್ಗಿಸ್ತಿದ್ದಾನೆ.”

ಅವಳು ನೋಡಿದಳು. ಮೆಲ್ಲಗೆ ತೆವಳುವ, ನಗರದ ಮುದ್ರೆಯಿದ್ದ ಒಂದು ಬಿಳಿ ಕಾರು. ಅದರ ಮುಂದೆ ಕಿತ್ತಳೆ ಬಣ್ಣದ ಜಾಕೀಟಿನ ಒಬ್ಬ ಮನುಷ್ಯ, ಕೆಸರು ಮೆತ್ತಿದ ಬೂಟು, ಕೈಯಲ್ಲಿ ಹಲಗೆಯಷ್ಟು ಅಗಲದ ಒಂದು ಯಂತ್ರ. ಮುಚ್ಚಿದ ಶಟರಿಗೆ ಅದನ್ನು ಎತ್ತಿ ಹಿಡಿಯುತ್ತಿದ್ದ, ಆಮೇಲೆ ತಲೆ ಬಗ್ಗಿಸಿ ಬೆರಳಿಂದ ಏನೋ ಒತ್ತುತ್ತಿದ್ದ. ಅವನು ಮುಂದೆ ಬಂದ ಹಾಗೆ ಕಾಲುದಾರಿಯ ಜನ ಅವನಿಗೆ ದಾರಿ ಬಿಟ್ಟರು. ಗಂಡಸರು ಟೋಪಿ ತೆಗೆದರು. ಮುದುಕಿಯೊಬ್ಬಳು ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಬರಬೇಕಾದ ಅಧಿಕಾರಿ ಇವನೇ ಎಂದು ಗ್ರಿಸೆಲ್ದಾಗೆ ಹೊಳೆಯಿತು. ಕಾಗದ! ನಾಲ್ಕನೆಯ ಪ್ಯಾರಾ! ಅದು ಹಿಂದೆ ಅಡುಗೆಮನೆಯ ಡ್ರಾಯರಿನಲ್ಲಿತ್ತು. ಅವಳು ತಿರುಗಿ ಒಳಗೆ ಓಡಿದಳು.

ಮೆರವಣಿಗೆಯ ಮುಂದೆ ನಡೆಯುತ್ತಿದ್ದ ದೋನ್ ನಿಕನೋರ್ ಆಗಲೇ ಅವಳ ಅಂಗಡಿಗೆ ಬಂದು ಮುಟ್ಟಿದರು. ಶಟರ್ ಮೇಲೆಯೇ ಇತ್ತು, ದೀಪಗಳೆಲ್ಲ ಉರಿಯುತ್ತಿದ್ದವು, ಒಳಗೆ ಯಾರೂ ಕಾಣಲಿಲ್ಲ. ಹಿಂದೆ ಶವದ ಗಾಡಿ ಎರಡು ಮಾರು ದೂರದಲ್ಲಿ. ನೂರು ಜನರ ಕಣ್ಣು ಆ ಬಾಗಿಲ ಮೇಲೆ.

“ಪಾಪ,” ಎಂದರು ಫಿದೆನ್ಸಿಯೋಗೆ. “ಹೆತ್ತ ಮಗಳ ಹಾಗಿದ್ದಳು. ನೋಡೋಕಾಗದೆ ಹಿತ್ತಲಿಂದ ಹೋಗಿಬಿಟ್ಟಿದ್ದಾಳೆ.”

“ಹೌದು, ಅಳು ತಡೀದೆ ಈಗಷ್ಟೇ ಒಳಗೆ ಓಡಿದ್ಲು. ಜನ ಏನೇನೋ ಅಂದ್ಕೋತಾರೆ. ನೀವೇ ಎಳೆದುಬಿಡಿ,” ಎಂದ ಫಿದೆನ್ಸಿಯೋ.

ದೋನ್ ನಿಕನೋರ್ ಕೊಕ್ಕೆಯ ಕೋಲು ತೆಗೆದುಕೊಂಡು, ಸದ್ದಾಗದಂತೆ, ಪ್ರೀತಿಯಿಂದ ಶಟರ್ ಎಳೆದರು. ಚಿಲಕ ಹಾಕಿದರು. ಜೇಬಿನಿಂದ ಮೂವತ್ತೆಂಟನೆಯ ರಿಬ್ಬನ್ ತೆಗೆದು, ಮೆರವಣಿಗೆಯನ್ನು ಮುಂದೆ ಹೋಗಲು ಬಿಟ್ಟು, ಮರಗಟ್ಟಿದ ಬೆರಳಿನಿಂದ ಗಂಟು ಹಾಕತೊಡಗಿದರು.

ಕಾಗದ ಹಿಡಿದು ಓಡಿಬಂದ ಗ್ರಿಸೆಲ್ದಾ ತಗಡಿಗೆ ಡಿಕ್ಕಿ ಹೊಡೆದಳು. ಎರಡು ಕೈಯಿಂದ ಬಡಿದಳು. “ತೆಗೀರಿ! ದೋನ್ ನಿಕನೋರ್! ನಾನು ಒಳಗಿದ್ದೀನಿ!” ಬ್ಯಾಂಡಿನ ದೊಡ್ಡ ನಗಾರಿ ಸರಿಯಾಗಿ ಬಾಗಿಲ ಮುಂದೆ ಬಂದಿತ್ತು, ಅವಳ ಬಡಿತ ಅದರ ತಾಳದೊಳಗೆ ಸೇರಿಹೋಯಿತು. ಹಿತ್ತಲ ಬಾಗಿಲು ತೆರೆದರೆ ಓಣಿ, ಓಣಿಯಿಂದ ಸುತ್ತಿ ಬರುವಷ್ಟರಲ್ಲಿ ಅವನು ದಾಟಿ ಹೋಗಿರುತ್ತಾನೆ.

ಅವಳು ನೆಲದ ಮೇಲೆ ಬೋರಲು ಬಿದ್ದು, ಸೊಟ್ಟಗಾದ ಶಟರಿನ ಕೆಳಗೆ ಕೆನ್ನೆ ಒತ್ತಿ ನೋಡಿದಳು. ನಾಲ್ಕು ಬೆರಳಿನ ಸಂದಿಯಲ್ಲಿ ಶವದ ಗಾಡಿಯ ಚಕ್ರಗಳು ಉರುಳಿ ಹೋದವು. ಸುಕ್ಕುಗಟ್ಟಿದ ಕಾಲುಚೀಲಗಳು, ಹೆಣ್ಣುಮಕ್ಕಳ ಕಪ್ಪು ಚಪ್ಪಲಿಗಳು ಹೋದವು. ಆಮೇಲೆ ಕೆಸರು ಮೆತ್ತಿದ ಎರಡು ಬೂಟುಗಳು ಬಂದು, ಅವಳ ಅಂಗಡಿಯ ಮುಂದೆ ನಿಂತವು.

“ಸಾರ್! ತೆರೆದಿದೆ! ಇಲ್ಲಿ ತೆರೆದಿದೆ ಸಾರ್!”

ಮುಂದೆ ಹೋದ ನಗಾರಿಯ ಸದ್ದು ಇನ್ನೂ ರಸ್ತೆಯನ್ನೇ ತುಂಬಿತ್ತು, ಅವಳ ಕೂಗು ಹೊರಗೆ ಮುಟ್ಟಲಿಲ್ಲ. ಅವಳು ಎದ್ದು ಬಾಗಿಲಿಂದ ಹಲಗೆ ಕಿತ್ತು, ಮತ್ತೆ ಬೋರಲು ಬಿದ್ದು, ದೋನ್ಯಾ ಕೂಕಾರ ಕೆಂಪು ಅಕ್ಷರಗಳನ್ನು ಮೇಲೆ ಮಾಡಿ ಆ ಸಂದಿಯಿಂದ ಹೊರಗೆ ನೂಕಿದಳು. ಅರ್ಧ ಹೋಯಿತು. ಕೆಸರಿನ ಬೂಟುಗಳು ಅಲ್ಲೇ ಇದ್ದವು. ಇನ್ನು ಅವನು ತಲೆ ಬಗ್ಗಿಸಿದರೆ ಸಾಕು.

ಹಲಗೆಯ ಪಕ್ಕಕ್ಕೆ ಇನ್ನೊಂದು ಬೂಟು ಬಂದು ನಿಂತಿತು. ಕನ್ನಡಿಯಂತೆ ಹೊಳೆಯುವ ಕಪ್ಪು ಬೂಟು, ಹೊಲಿಗೆಯ ಗೆರೆಯಲ್ಲಿ ಬಿಳಿ ಹಿಟ್ಟು.

“ಬೇಡ ಮಗಳೇ,” ಎಂದಿತು ಮೇಲಿನಿಂದ ಅಳುವ ದನಿ. “ಇವತ್ತೊಂದು ದಿನ ಬೇಡ. ಜನ ನೋಡ್ತಾರೆ.”

ಬೂಟಿನ ತುದಿ ಹಲಗೆಯನ್ನು ಮೆಲ್ಲಗೆ, ಯಾರಿಗೂ ಕಾಣದ ಹಾಗೆ, ಒಳಕ್ಕೆ ತಳ್ಳಿತು.